ರಾತ್ರಿಯ ಆಕಾಶದ ವಿಚಿತ್ರ ಬೆಳಕುಗಳು

ರಾತ್ರಿಯ ಆಕಾಶದಲ್ಲಿ ಹಿಂದೆಂದೂ ಕಾಣದ ಬೆಳಕೊಂದು ಗೋಚರಿಸಿದರೆ ಊರಿನಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ದೆವ್ವವೆಂದೋ ಅನ್ಯಲೋಕದವರ ವಾಹನವೆಂದೋ ನಂಬುವವರದು ಒಂದು. ಎಲ್ಲವೂ ಕಣ್ಣಿನ ಭ್ರಾಂತಿಯೆಂದು ನಕ್ಕುಬಿಡುವವರದು ಇನ್ನೊಂದು. ಮರುದಿನ ಶಾಲೆಗೆ ಬಂದ ಹುಡುಗನು ಅದೇನೆಂದು ಕೇಳಿದಾಗ ಉಪಾಧ್ಯಾಯರಾದ ನಾವು ಈ ಎರಡರಲ್ಲಿ ಯಾವ ಪಕ್ಷವನ್ನೂ ಸೇರುವಂತಿಲ್ಲ. ಕಂಡದ್ದು ಬೇರೆ, ಕಂಡದ್ದಕ್ಕೆ ಇಟ್ಟ ಹೆಸರು ಬೇರೆ. ಮೊದಲನೆಯದನ್ನು ಗೌರವದಿಂದ ಕೇಳಬೇಕು, ಎರಡನೆಯದನ್ನು ಪರೀಕ್ಷಿಸಬೇಕು.

ಪರೀಕ್ಷೆಗೆ ಮೊದಲನೆಯ ಸಾಧನವೆಂದರೆ ಕಾಲ. ಬೆಳಕು ಎಷ್ಟು ಹೊತ್ತು ಇದ್ದಿತು? ಒಂದೆರಡು ಸೆಕೆಂಡುಗಳಲ್ಲಿ ಗೆರೆಯೆಳೆದು ಆರಿಹೋದರೆ ಅದು ಪ್ರಾಯಶಃ ಉಲ್ಕೆ. ನಮ್ಮ ಜನ ಚುಕ್ಕಿ ಬಿತ್ತೆನ್ನುವುದು ಇದನ್ನೇ. ಮೂರು ನಾಲ್ಕು ನಿಮಿಷ ಮಿನುಗದೆ ಒಂದೇ ವೇಗದಲ್ಲಿ ಸಾಗಿ ನಡುಬಾನಿನಲ್ಲಿಯೇ ಮಾಯವಾದರೆ ಅದು ಕೃತಕ ಉಪಗ್ರಹ. ಭೂಮಿಯ ನೆರಳನ್ನು ಹೊಕ್ಕೊಡನೆ ಅದರ ಮೇಲೆ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಕಾಣದಾಗುತ್ತದೆ. ಮುತ್ತಿನ ಸರದಂತೆ ಹತ್ತಾರು ಚುಕ್ಕಿಗಳು ಸಾಲಾಗಿ ಹೋದರೆ ಅವು ೨೦೧೯ರ ಮೇ ತಿಂಗಳಿಂದ ಗುಂಪುಗುಂಪಾಗಿ ಹಾರಿಸಲಾಗುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳಾಗಿರಬಹುದು. ಸಂಜೆ ಪಡುವಣದಲ್ಲಿ ಗಂಟೆಗಟ್ಟಲೆ ನಿಂತು ಉರಿಯುವ ಬೆಳಕು ಬಹುಮಟ್ಟಿಗೆ ಶುಕ್ರ, ನಮ್ಮ ಬೆಳ್ಳಿಚುಕ್ಕಿ. ಮೋಡಗಳು ಅದರ ಮುಂದೆ ಓಡುವಾಗ ಚುಕ್ಕಿಯೇ ಓಡುವಂತೆ ತೋರುತ್ತದೆ. ಶುಕ್ರನು ಸೂರ್ಯನಿಂದ ಸುಮಾರು ೪೭ ಡಿಗ್ರಿಗಿಂತ ದೂರ ಸರಿಯನು. ಆದ್ದರಿಂದ ನಡುರಾತ್ರಿ ನೆತ್ತಿಯ ಮೇಲೆ ಕಂಡ ಬೆಳಕು ಶುಕ್ರನಾಗಲಾರದು.

೨೦೨೨ರ ಏಪ್ರಿಲ್ ೨ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶ ಮತ್ತು ಗುಜರಾತಿನ ಹಲವೆಡೆ ಬೆಂಕಿಯ ಸಾಲೊಂದು ಆಕಾಶದಲ್ಲಿ ಹಾದುಹೋಯಿತು. ಉಲ್ಕಾಪಾತವೆಂದೇ ಅನೇಕರು ಹೇಳಿದರು. ಆದರೆ ಅದು ನಿಧಾನವಾಗಿ, ಚೂರುಚೂರಾಗುತ್ತ ಸಾಗಿತ್ತು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಲೋಹದ ದೊಡ್ಡ ಬಳೆಯೊಂದು ಸಿಕ್ಕಿತು. ೨೦೨೧ರ ಫೆಬ್ರವರಿಯಲ್ಲಿ ಚೀನಾ ಹಾರಿಸಿದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗವು ಮರಳಿ ವಾಯುಮಂಡಲವನ್ನು ಹೊಕ್ಕು ಉರಿದದ್ದೆಂದು ತಜ್ಞರು ಅಭಿಪ್ರಾಯಪಟ್ಟರು. ಹೆಸರು ತಪ್ಪಿತ್ತು, ಜನರು ಕಂಡದ್ದು ಮಾತ್ರ ನಿಜವಾಗಿತ್ತು.

ಕಂಡವರ ಮಾತನ್ನು ತಳ್ಳಿಹಾಕಿದ್ದರಿಂದ ಪಂಡಿತರೇ ಎಡವಿದ ಉದಾಹರಣೆಯೂ ಉಂಟು. ೧೭೬೮ರಲ್ಲಿ ಫ್ರಾನ್ಸಿನ ಲ್ಯೂಸೆ ಎಂಬಲ್ಲಿ ಆಕಾಶದಿಂದ ಕಲ್ಲು ಬಿದ್ದಿತೆಂದು ಹಳ್ಳಿಗರು ಹೇಳಿದರು. ಲವಾಸಿಯೇ ಮೊದಲಾದ ವಿದ್ವಾಂಸರು ಅದನ್ನು ಪರೀಕ್ಷಿಸಿ, ಸಿಡಿಲು ಬಡಿದ ಭೂಮಿಯ ಕಲ್ಲೆಂದು ತೀರ್ಮಾನಿಸಿದರು. ೧೮೦೩ರ ಏಪ್ರಿಲ್ ೨೬ರಂದು ಅದೇ ದೇಶದ ಲೇಗ್ಲ್ ಊರಿನ ಸುತ್ತ ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳು ಬಿದ್ದವು. ಸರಕಾರವು ಕಳುಹಿಸಿದ ಬಿಯೋ ಎಂಬ ವಿಜ್ಞಾನಿಯು ಹಳ್ಳಿಹಳ್ಳಿ ತಿರುಗಿ, ಬೆಂಕಿಯುಂಡೆಯನ್ನು ಕಂಡವರ, ಸದ್ದನ್ನು ಕೇಳಿದವರ ಹೇಳಿಕೆಗಳನ್ನು ಒಂದಕ್ಕೊಂದು ತಾಳೆನೋಡಿದನು. ಆಕಾಶದಿಂದ ಕಲ್ಲು ಬೀಳುವುದು ದಿಟವೆಂದು ವಿದ್ವತ್ಪ್ರಪಂಚ ಒಪ್ಪಿದ್ದು ಆ ತರುವಾಯ.

ಇಂಥ ತಾಳೆಗೆ ದೊಡ್ಡ ಉಪಕರಣಗಳೇ ಬೇಕೆಂದಿಲ್ಲ. ೧೭೯೮ರಲ್ಲಿ ಜರ್ಮನಿಯ ಗಟಿಂಗೆನ್ನಿನ ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೆಲವು ಮೈಲಿಗಳ ಅಂತರದಲ್ಲಿ ಕುಳಿತು ಒಂದೇ ಉಲ್ಕೆಯನ್ನು ಏಕಕಾಲದಲ್ಲಿ ಗುರುತಿಸಿದರು. ಇಬ್ಬರಿಗೂ ಕಂಡ ಸ್ಥಾನಗಳ ವ್ಯತ್ಯಾಸದಿಂದ ಅದರ ಎತ್ತರವನ್ನು ಲೆಕ್ಕಹಾಕಿದರು. ಉಲ್ಕೆಗಳು ಮೋಡಗಳಿಗಿಂತ ಬಹಳ ಮೇಲೆ ಉರಿಯುತ್ತವೆಂದು ಇದರಿಂದ ತಿಳಿಯಿತು.

ಗಡಿನಾಡಿನ ನಮಗೆ ಇದು ಸುಲಭಸಾಧ್ಯವಾದ ಕೆಲಸ. ಹೊಸೂರಿನಲ್ಲೊಬ್ಬರು, ಆಚೆಯ ಆನೇಕಲ್ಲಿನಲ್ಲೊಬ್ಬರು ಒಂದೇ ಬೆಳಕನ್ನು ಕಂಡು ಬರೆದಿಟ್ಟರೆ ಸಾಕು. ಗಂಟೆ-ನಿಮಿಷ, ದಿಕ್ಕು, ಬಣ್ಣ, ಸದ್ದು, ಇದ್ದ ಹೊತ್ತು ಇವೆಲ್ಲ ಟಿಪ್ಪಣಿಯಲ್ಲಿರಬೇಕು. ತೋಳು ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು ೧೦ ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲೆಂಬುದನ್ನು ಮಕ್ಕಳೂ ಅಳೆಯಬಲ್ಲರು.

ಇಷ್ಟಾದರೂ ಕೆಲವು ಬೆಳಕುಗಳಿಗೆ ಕಾರಣ ಸಿಗದಿರಬಹುದು. ಗುಡುಗುಮಳೆಯಲ್ಲಿ ಕಾಣುವ ಚೆಂಡುಮಿಂಚಿಗೆ ಸರ್ವಸಮ್ಮತವಾದ ವಿವರಣೆ ಇಂದಿಗೂ ದೊರೆತಿಲ್ಲ. ಅಂಥಲ್ಲಿ ಟಿಪ್ಪಣಿಯ ಕೊನೆಯಲ್ಲಿ "ಕಾರಣ ತಿಳಿಯದು" ಎಂದು ಬರೆಯುವ ಧೈರ್ಯವನ್ನು ಮಕ್ಕಳಿಗೆ ಕಲಿಸೋಣ. ಮುಂದೆ ವಿಚಾರಮಾಡುವವರಿಗೆ ದೆವ್ವದ ಕಥೆಗಿಂತಲೂ ನಗೆಮಾತಿಗಿಂತಲೂ ಆ ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.