ಎಳ್ಳು ಬೀರಲು ಈ ಸಲ ಗೆಳತಿಯ ಊರಿಗೆ!

ಸಂಕ್ರಾಂತಿ ದಿನ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತೆ ಹೇಳಿ? ಬೆಳಿಗ್ಗೆ ಪೂಜೆ, ಪೊಂಗಲ್, ಮಧ್ಯಾಹ್ನ ಸಿಂಕ್ ತುಂಬ ಪಾತ್ರೆ. ಸಂಜೆ ಅಕ್ಕಪಕ್ಕದ ನಾಲ್ಕು ಮನೆಗೆ ಎಳ್ಳು ಬೀರಿ ಬಂದು ಟಿ.ವಿ. ಮುಂದೆ ಕೂತರೆ ಹಬ್ಬ ಮುಗೀತು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಗೆ ಮೊಬೈಲಿನಲ್ಲೇ ಒಂದು ಶುಭಾಶಯ. ಅಷ್ಟೇ ಅಲ್ವೇ?

ಎಳ್ಳು ಬೀರೋದು ಹೇಗೂ ಹೆಂಗಸರು ಮನೆಯಿಂದ ಹೊರಗೆ ಹೊರಡುವ ಹಬ್ಬ. ಆ ಡಬ್ಬಿ ಹಿಡಿದುಕೊಂಡು ಈ ಸಲ ಸ್ವಲ್ಪ ದೂರ ಹೋಗಿ ನೋಡಿ. ನನ್ನ ಗೆಳತಿಯನ್ನು ಕೊಟ್ಟಿರೋದು ಗುಬ್ಬಿಗೆ. ತುಮಕೂರಿನಿಂದ ಸುಮಾರು 20 ಕಿ.ಮೀ., ಬಸ್ಸೂ ಉಂಟು, ರೈಲೂ ಉಂಟು. ಮನೆ ಪೂಜೆ ಬೇಗ ಮುಗಿಸಿದರೆ ಹತ್ತು ಗಂಟೆಗೆಲ್ಲ ಅವಳ ಹೊಸಿಲಲ್ಲಿ ಇರಬಹುದು.

ಅಷ್ಟರಲ್ಲಿ ಆ ಕಡೆ ರಾಗಿ ಕೊಯ್ಲು ಮುಗಿದು ಹುಲ್ಲಿನ ಬಣವೆ ಎದ್ದಿರುತ್ತೆ. ಅವರೆಕಾಯಿಯ ಸೊಗಡು ಬೀದಿಗೆಲ್ಲ ಹರಡಿರುತ್ತೆ. ನಾವು ಅಂಗಡಿಯಲ್ಲಿ ಪ್ಯಾಕೆಟ್ ತರುವ ಕೊಬ್ಬರಿ, ಅಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ. ಮಕ್ಕಳನ್ನು ಕರೆದುಕೊಂಡು ಹೋದರೆ ಎಳ್ಳು-ಬೆಲ್ಲ ಎಲ್ಲಿಂದ ಬರುತ್ತೆ ಅಂತ ಪಾಠ ಮಾಡುವ ಅಗತ್ಯವೇ ಇಲ್ಲ! ನಿಮ್ಮ ಗೆಳತಿ ಕುಣಿಗಲ್ ಕಡೆ ಇದ್ದರೆ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕೋದನ್ನು ಮರೆಯಬೇಡಿ.

<b>ನೆಂಟರ ಹಾಗೆ ಕೂರಬೇಡಿ</b>

ಹಬ್ಬದ ದಿನ ಅವಳಿಗೆ ನಿಮಗಿಂತ ಹೆಚ್ಚು ಕೆಲಸ. ನೀವು ಸೋಫಾದಲ್ಲಿ ಕೂತರೆ ಅವಳು ಒಲೆ ಮುಂದೆ, ಮಾತು ಎಲ್ಲಿ? ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆಯಿರಿ. ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಮಧ್ಯದಲ್ಲಿಟ್ಟುಕೊಂಡು ಹಿತಕುವುದಕ್ಕೆ ಕೂತರೆ ಒಂದು ಗಂಟೆ ನಿಮ್ಮಿಬ್ಬರದೇ. ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಮಾತು ತಾನಾಗೇ ಬರುತ್ತೆ.

ನನ್ನ ಗೆಳತಿ ಹಾಗೆ ಬೇಳೆ ಹಿತಕುತ್ತಲೇ, “ಅಮ್ಮ ಹೋದಮೇಲೆ ಹಬ್ಬಕ್ಕೆ ಬಾ ಅನ್ನೋರೇ ಇಲ್ಲ ಕಣೇ” ಅಂದಳು. ಫೋನಿನಲ್ಲಿ ಎಷ್ಟೋ ಸಲ “ಚೆನ್ನಾಗಿದೀನಿ” ಅಂದಿದ್ದವಳು. ಅವಳತ್ತೆ ಬಂದು, “ಇವತ್ತು ನಿನ್ನ ತವರೇ ಇಲ್ಲಿಗೆ ಬಂದಿದೆಯಲ್ಲಮ್ಮ” ಅಂದಾಗ ಮೂವರ ಕಣ್ಣೂ ಒದ್ದೆ. ತಾಯಿ ಇಲ್ಲದ, ಅಣ್ಣ-ತಮ್ಮಂದಿರು ದೂರವಾದ ಹೆಣ್ಣುಮಗಳು ನಿಮ್ಮ ಗೆಳತಿಯರಲ್ಲೂ ಒಬ್ಬಳಾದರೂ ಇರುತ್ತಾಳೆ. ಅವಳ ಮನೆಗೇ ಮೊದಲು ಹೋಗಿ.

<b>ಸಂಜೆ ಕಿಚ್ಚು</b>

ಬೆಳಿಗ್ಗೆಯೇ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವು ಗೆಜ್ಜೆ ಕಟ್ಟಿದ ರಾಸುಗಳನ್ನು ಹೊತ್ತು ಮುಳುಗುವಾಗ ಹೊಡೆದು ತರುತ್ತಾರೆ. ದಾರಿಗೆ ಅಡ್ಡವಾಗಿ ಹರಡಿದ ಹುಲ್ಲಿಗೆ ಬೆಂಕಿ ಹಚ್ಚಿ ಅವನ್ನು ಹಾಯಿಸುವುದೇ ಕಿಚ್ಚು. ನೋಡೋಕೆ ಸೊಗಸು. ಆದರೆ ಬೆದರಿದ ಎತ್ತು ಯಾವ ಕಡೆ ನುಗ್ಗುತ್ತೋ ಗೊತ್ತಾಗಲ್ಲ. ಮಕ್ಕಳ ಕೈ ಹಿಡಿದು ಜಗಲಿ ಮೇಲಿಂದಲೇ ನೋಡಿ. ನೈಲಾನ್, ಸಿಂಥೆಟಿಕ್ ಸೀರೆ ಬೇಡ, ಹತ್ತಿ ಸೀರೆಯೇ ಕ್ಷೇಮ.

<b>ಹೊರಡುವ ಮುಂಚೆ</b>

* ಹಬ್ಬ ಜನವರಿ 14 ಅಥವಾ 15ಕ್ಕೆ ಬೀಳುತ್ತೆ. ಕ್ಯಾಲೆಂಡರ್ ನೋಡಿ ವಾರ ಮುಂಚೆಯೇ ಅವಳಿಗೂ ನಿಮ್ಮ ಮನೆಯವರಿಗೂ ಹೇಳಿಡಿ. ಆ ದಿನ ಆಗದಿದ್ದರೆ ಮರುದಿನ ಹೋಗಿ, ಎಳ್ಳಿಗೇನೂ ಬೇಜಾರಿಲ್ಲ!

* ದುಬಾರಿ ಉಡುಗೊರೆ ಬೇಡ, ಅವಳಿಗೆ ಮುಜುಗರ. ಹೂವು, ಬಳೆ, ರವಿಕೆ ಕಣ ಸಾಕು. ತವರಿನವರು ಕೊಡೋದೂ ಅದನ್ನೇ.

* ಮೊದಲ ಎಳ್ಳು ಅವಳ ಅತ್ತೆಗೆ ಕೊಡಿ. ಮುಂದಿನ ವರ್ಷ ಸೊಸೆಯನ್ನು ನಿಮ್ಮ ಮನೆಗೆ ಕಳಿಸೋರು ಅವರೇ ತಾನೆ?

* ಸಂಜೆ ಚಳಿ ಜಾಸ್ತಿ, ಶಾಲು ಇರಲಿ. ವಾಪಸ್ ಬರುವ ಬಸ್ಸಿನ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ.

* ಬ್ಯಾಗು ಒಂದು ಖಾಲಿ ಇರಲಿ. ಅವರೆಕಾಯಿ ತುಂಬಿಸದೆ ಅವರು ಕಳಿಸೋದಿಲ್ಲ. ಬೇಡ ಅನ್ನಬೇಡಿ, ಕೊಡುವ ಸಂತೋಷ ಅವಳಿಗೂ ಸಿಗಲಿ.

ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡು ಅಂತೀವಿ. ಮಾತಾಡೋಕೆ ಎದುರಿಗೆ ಗೆಳತಿಯೂ ಇರಬೇಕಲ್ವೇ? ಏನಂತೀರಿ?