ಸುಗ್ಗಿ ಮುಗಿದ ಮೇಲೆ ಕೊಪ್ಪಳ ಕೋಟೆಗೆ



ಕಣದ ಕೆಲಸ ಮುಗಿದ ಮೇಲೆ ಒಂದು ದಿನ ಮಕ್ಕಳೊಡನೆ ಕೊಪ್ಪಳ ಕೋಟೆಯನ್ನು ನೋಡಿ ಬನ್ನಿರಿ. ಹಿಟ್ನಾಳದಿಂದ ಬೆಳಗಿನ ಬಸ್ಸಿಗೆ ಹೊರಟರೆ ಸಂಜೆ ದನ ಕಟ್ಟುವ ಹೊತ್ತಿಗೆ ಮನೆ ಸೇರಬಹುದು. ರೊಟ್ಟಿ ಬುತ್ತಿ, ನೀರು ಜೊತೆಗಿರಲಿ. ಬಂಡೆ ಕಾಯುವ ಮೊದಲೇ ಗುಡ್ಡ ಹತ್ತಿರಿ. ವಯಸ್ಸಾದವರು ಕೆಳಗೇ ನೆರಳಲ್ಲಿ ಕೂಡಲಿ.

1786ರಲ್ಲಿ ಟಿಪ್ಪು ಸುಲ್ತಾನನು ಈ ಕೋಟೆಯನ್ನು ಪಡೆದು, ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದನು. 1790ರಲ್ಲಿ ಇಂಗ್ಲಿಷರೂ ನಿಜಾಮನ ಸೈನ್ಯವೂ ಮುತ್ತಿದರು. ಕೋಟೆ ಕೈಸೇರಿದ್ದು ಮರುವರ್ಷದ ಏಪ್ರಿಲಿನಲ್ಲಿ. ಅಷ್ಟು ತಿಂಗಳು ಏಕೆ ಹಿಡಿಯಿತೆಂದು ಕಡಿದಾದ ಬಂಡೆ ಏರುವಾಗ ಮಕ್ಕಳನ್ನೇ ಕೇಳಿರಿ. 1858ರಲ್ಲಿ ಮುಂಡರಗಿ ಭೀಮರಾಯನು ಇಲ್ಲಿಯೇ ಇಂಗ್ಲಿಷರೊಡನೆ ಕಾದು ಮಡಿದನು.

ಗೋಡೆಯ ಮೇಲೆ ಹೆಸರು ಕೊರೆಯಬೇಡಿರಿ, ಕಲ್ಲು ಕೀಳಬೇಡಿರಿ. ನಾಳೆ ಮೊಮ್ಮಕ್ಕಳಿಗೂ ಇದನ್ನು ತೋರಿಸಬೇಕಲ್ಲವೇ?