ಒಂದು ಅಂತರಜಾಲ ಸಂಪರ್ಕ, ಎರಡು ಗಣಕಯಂತ್ರ

ಜಮಖಂಡಿ ತಾಲ್ಲೂಕಿನ ತುಬಚಿಯಾಗಲಿ, ಸೀರೆ ನೇಯುವ ರಬಕವಿ-ಬನಹಟ್ಟಿಯಾಗಲಿ, ಸಣ್ಣ ವ್ಯವಹಾರಸ್ಥರ ಅಂಗಡಿಗಳಲ್ಲಿ ಅಂತರಜಾಲದ ತಂತಿಯು ಮೇಜಿನ ಮೇಲಿನ ಗಣಕಯಂತ್ರವೊಂದಕ್ಕೆ ಮಾತ್ರ ಬಂದಿರುವುದುಂಟು. ಲೆಕ್ಕ ಬರೆಯುವವರು ತರುವ ಲ್ಯಾಪ್‌ಟಾಪಿಗೆ ಸಂಪರ್ಕವಿರುವುದಿಲ್ಲ. ಜಿ.ಎಸ್.ಟಿ.ಯ ಮಾಸಿಕ ೩-ಬಿ ವಿವರಪಟ್ಟಿಗೆ ಮುಂದಿನ ತಿಂಗಳ 20ನೇ ತಾರೀಖು ಕಡೆಯ ದಿನ. ತಪ್ಪಿದರೆ ದಿನವೊಂದಕ್ಕೆ 50 ರೂಪಾಯಿ ವಿಳಂಬ ಶುಲ್ಕ; ತಡವಾಗಿ ಕಟ್ಟಿದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ. ಆದ್ದರಿಂದ ಇರುವ ಸಂಪರ್ಕವನ್ನು ಎರಡೂ ಯಂತ್ರಗಳಿಗೆ ಹಂಚಿಕೊಳ್ಳುವ ಬಗೆಯನ್ನು ವ್ಯಾಪಾರಸ್ಥರು ಅರಿತಿರುವುದು ಲೇಸು.

ಮೋಡೆಮ್‌ನಲ್ಲಿ ಇನ್ನೊಂದು ತಂತಿಗೆ ಸ್ಥಳವಿದ್ದರೆ ಅಥವಾ ಅದರ ವೈ-ಫೈ ಲ್ಯಾಪ್‌ಟಾಪಿಗೆ ತಲುಪುತ್ತಿದ್ದರೆ ಬೇರೆ ಏರ್ಪಾಡು ಬೇಕಿಲ್ಲ. ಇಲ್ಲವಾದಲ್ಲಿ ಗಣಕಯಂತ್ರವೇ ಬಾಗಿಲಾಗಬೇಕು. ಈ ಸೌಲಭ್ಯವು 1999ರ ವಿಂಡೋಸ್ 98 ಎರಡನೇ ಆವೃತ್ತಿಯಿಂದಲೂ ಇದೆ.

ವಿಂಡೋಸ್ 10 ಅಥವಾ 11 ಇರುವ ಗಣಕಯಂತ್ರಕ್ಕೆ ವೈ-ಫೈ ಇದ್ದಲ್ಲಿ ಕೆಲಸ ಸುಲಭ. ‘ಸೆಟ್ಟಿಂಗ್ಸ್’ನ ನೆಟ್‌ವರ್ಕ್ ವಿಭಾಗದಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ತೆರೆದು, ಹಂಚಬೇಕಾದ ಸಂಪರ್ಕವನ್ನು ಆರಿಸಿ, ಗುಪ್ತಪದ ಕೊಟ್ಟು ಚಾಲೂ ಮಾಡಬೇಕು. ಎಂಟು ಉಪಕರಣಗಳವರೆಗೆ ಸಂಪರ್ಕ ದೊರೆಯುತ್ತದೆ. ವೈ-ಫೈ ಇಲ್ಲದಿದ್ದರೆ ಯು.ಎಸ್.ಬಿ.ಗೆ ಸಿಕ್ಕಿಸುವ ಸಣ್ಣ ಅಡಾಪ್ಟರ್ ಸಾಕು.

ತಂತಿಯಿಂದಲೇ ಜೋಡಿಸುವುದಾದರೆ ಗಣಕಯಂತ್ರಕ್ಕೆ ಎರಡು ಜಾಲದ್ವಾರಗಳಿರಬೇಕು: ಒಂದು ಮೋಡೆಮ್‌ಗೆ, ಮತ್ತೊಂದು ಲ್ಯಾಪ್‌ಟಾಪಿಗೆ. ‘ಕಂಟ್ರೋಲ್ ಪ್ಯಾನೆಲ್’ನಲ್ಲಿ ಮೋಡೆಮ್ ಕಡೆಯ ಸಂಪರ್ಕದ ‘ಪ್ರಾಪರ್ಟೀಸ್’ ತೆರೆದು, ‘ಶೇರಿಂಗ್’ ಪುಟದಲ್ಲಿ ಇತರರಿಗೆ ಅನುಮತಿಸುವ ಚೌಕಕ್ಕೆ ಗುರುತು ಹಾಕಬೇಕು. ಲ್ಯಾಪ್‌ಟಾಪಿನ ವಿಳಾಸವನ್ನು ‘ತಾನಾಗಿ ಪಡೆಯುವಂತೆ’ ಬಿಡಬೇಕು. ಅದರ ವಿಳಾಸ 169.254ರಿಂದ ಆರಂಭವಾಗಿದ್ದರೆ ಗಣಕಯಂತ್ರದಿಂದ ವಿಳಾಸ ಬಂದಿಲ್ಲವೆಂದು ತಿಳಿಯಬೇಕು. ಆಗ ಗುರುತನ್ನು ತೆಗೆದು ಮತ್ತೆ ಹಾಕಿ ನೋಡುವುದು ಒಳ್ಳೆಯದು.

ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಬಾಗಿಲಾದ ಯಂತ್ರವು ಆರಿದರೆ ಅಥವಾ ನಿದ್ರಾಸ್ಥಿತಿಗೆ ಹೋದರೆ ಲ್ಯಾಪ್‌ಟಾಪಿನ ಸಂಪರ್ಕವೂ ಕಡಿಯುತ್ತದೆ. ವಿದ್ಯುತ್ ಹೋದಾಗ ಲ್ಯಾಪ್‌ಟಾಪು ತನ್ನ ಬ್ಯಾಟರಿಯಿಂದ ಉರಿಯುತ್ತಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಗಣಕಯಂತ್ರಕ್ಕಷ್ಟೇ ಅಲ್ಲ, ಮೋಡೆಮ್‌ಗೂ ಯು.ಪಿ.ಎಸ್. ಆಧಾರವಿರಬೇಕು.

ಎರಡನೆಯದಾಗಿ, ಡೇಟಾಕ್ಕೆ ಮಿತಿ ಇದ್ದರೆ ಎರಡು ಯಂತ್ರಗಳೂ ಅದನ್ನೇ ಬಳಸುತ್ತವೆ. ಲ್ಯಾಪ್‌ಟಾಪಿನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ದೊಡ್ಡ ಅಪ್‌ಡೇಟ್‌ಗಳು ಬಹುಪಾಲು ತಡೆಯಲ್ಪಡುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಂಪರ್ಕ ಹಂಚುವುದು ಬೇರೆ, ಕಡತ ಹಂಚುವುದು ಬೇರೆ. ಹೊರಗಿನವರ ಲ್ಯಾಪ್‌ಟಾಪಿಗೆ ಅಂತರಜಾಲ ಕೊಟ್ಟ ಮಾತ್ರಕ್ಕೆ ಗಿರಾಕಿಗಳ ಉದರಿ ಖಾತೆಯನ್ನು ತೆರೆದಿಡಬೇಕಾಗಿಲ್ಲ. ಲೆಕ್ಕದ ಫೋಲ್ಡರು ಹಂಚಿಕೆಯಲ್ಲಿದೆಯೇ ಎಂದು ಮೊದಲೇ ಪರೀಕ್ಷಿಸಿ, ಗುಪ್ತಪದವನ್ನು ಆಗಾಗ ಬದಲಿಸಬೇಕು.

ಈ ಏರ್ಪಾಡನ್ನು 20ನೇ ತಾರೀಖಿನ ಸಂಜೆ ಮಾಡಹೊರಡುವುದು ಜಾಣತನವಲ್ಲ. ತಿಂಗಳ ಮೊದಲ ವಾರದಲ್ಲಿಯೇ ಒಮ್ಮೆ ಪರೀಕ್ಷಿಸಿ ನೋಡಿದವರಿಗೆ ಕಡೆಯ ದಿನದ ಗಾಬರಿಯೂ ಇಲ್ಲ, ದಂಡವೂ ಇಲ್ಲ.